ಅರ್ಜಿ ಕೊಟ್ಟಾಯ್ತು, ಉತ್ತರ ಎಲ್ಲಿ? ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಟಾರ, ನಲ್ಲಿ, ಬೀದಿದೀಪ, ಕಸ, ಹೊಂಡ ಬಿದ್ದ ರಸ್ತೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರೆಗೆ ದೂರುಗಳು ಹೆಚ್ಚುಕಡಿಮೆ ಇವೇ. ಆದರೆ ಜನರಿಗೆ ನಿಜವಾಗಿ ಸಿಟ್ಟು ಬರುವುದು ಹೊಂಡ ನೋಡಿ ಅಲ್ಲ. ಕೇಳಿದ್ದಕ್ಕೆ ಯಾರೂ ನೆಟ್ಟಗೆ ಉತ್ತರ ಕೊಡುವುದಿಲ್ಲ ಅಂತ. "ನೋಡುವಾ", "ಮೇಲಿಂದ ಬರಬೇಕು", "ಸಾಹೇಬ್ರು ಮೀಟಿಂಗಿಗೆ ಹೋಗಿದ್ದಾರೆ." ಇದನ್ನು ಕೇಳಿಸಿಕೊಂಡು ಬಸ್ ಹತ್ತಿ ವಾಪಸ್ ಬಂದವರು ಪ್ರತಿ ಊರಲ್ಲೂ ಇದ್ದಾರೆ.

ನಾನು ಕರಾವಳಿಯ ಒಂದು ಹಳ್ಳಿಯವನು. ವಕೀಲನಲ್ಲ, ಸರ್ಕಾರಿ ನೌಕರನೂ ಅಲ್ಲ. ಊರಿನ ಕೆಲಸಕ್ಕಾಗಿ ಕಚೇರಿಗಳಿಗೆ ಓಡಾಡುತ್ತಾ ತಿಳಿದಿದ್ದನ್ನು, ಕಾಯ್ದೆ ಪುಸ್ತಕ ಓದಿ ತಿಳಿದಿದ್ದನ್ನು ಸೇರಿಸಿ ಬರೆದಿದ್ದೇನೆ. ಇಷ್ಟು ವರ್ಷ ಓಡಾಡಿದ ಮೇಲೆ ನನಗೆ ಅನಿಸಿದ್ದು ಒಂದೇ. ಬಾಯಲ್ಲಿ ಹೇಳಿದ ಮಾತಿಗೆ ಯಾರೂ ಹೊಣೆಯಾಗುವುದಿಲ್ಲ. ಸಹಿ ಹಾಕಿ ಕೊಟ್ಟ ಉತ್ತರಕ್ಕೆ ಹೊಣೆಯಾಗಲೇಬೇಕು. ಆ ಸಹಿಯನ್ನು ಪಡೆಯುವುದು ಹೇಗೆ ಎಂಬುದೇ ಇಲ್ಲಿರುವ ಮುಖ್ಯ ವಿಷಯ.

ಯಾವ ಕಚೇರಿಗೆ ಹೋದರೂ "ಇದು ನಮ್ಮದಲ್ಲ" ಅಂತಾರೆ. ಹಾಗಾದರೆ ಯಾರದ್ದು?

ಹಳ್ಳಿಯ ಒಳರಸ್ತೆ, ಗಟಾರ, ಕುಡಿಯುವ ನೀರು, ಬೀದಿದೀಪ, ಕಸ ಇವೆಲ್ಲ ಗ್ರಾಮ ಪಂಚಾಯಿತಿಯ ಕೆಲಸ. 1993ರ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣದಲ್ಲಿ ಬರೆದೇ ಇದೆ. ಅಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರು ಉತ್ತರ ಕೊಡಬೇಕು. ಅವರ ಮೇಲೆ ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಇಒ ಮೇಲೆ ಕಾರವಾರದಲ್ಲಿರುವ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ).

ಪಟ್ಟಣದವರಿಗೆ ಲೆಕ್ಕ ಬೇರೆ. ಕಾರವಾರ, ಶಿರಸಿ, ದಾಂಡೇಲಿ ನಗರಸಭೆಗಳಲ್ಲಿ ಪೌರಾಯುಕ್ತರು. ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿ. ಅವರ ಮೇಲೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶ. ಇವರ ಕರ್ತವ್ಯಗಳು 1964ರ ಪೌರಸಭೆಗಳ ಕಾಯ್ದೆಯಲ್ಲಿವೆ.

ಗೊಂದಲ ಶುರುವಾಗುವುದು ಇದರಾಚೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಕಡಲ್ಕೊರೆತದ ತಡೆಗೋಡೆಗೆ ಬಂದರು ಇಲಾಖೆ, ಅದರ ನಿರ್ದೇಶನಾಲಯ ಕಾರವಾರದಲ್ಲೇ ಇದೆ. ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತರೆ ಕೊಂಕಣ ರೈಲ್ವೆಯನ್ನು ಕೇಳಬೇಕು. ವಿದ್ಯುತ್ ಕಂಬ ಹೆಸ್ಕಾಂನದ್ದು, ಅದೇ ಕಂಬದ ಮೇಲಿನ ಬೀದಿದೀಪ ಪಂಚಾಯಿತಿಯದ್ದು. ದೀಪ ಉರಿಯದಿದ್ದಾಗ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುವುದು ಇದಕ್ಕೇ.

ಯಾರದ್ದು ಅಂತ ಗೊತ್ತೇ ಆಗದಿದ್ದರೆ ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ. "ಈ ರಸ್ತೆ ನಿಮ್ಮ ಆಸ್ತಿ ವಹಿಯಲ್ಲಿ ಇದೆಯೇ?" ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ತಮ್ಮದಲ್ಲ ಎಂದಾದರೆ ಅರ್ಜಿಯನ್ನು 5 ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ಅವರೇ ಕಳಿಸಬೇಕು. ಮಾಹಿತಿ ಹಕ್ಕು ಕಾಯ್ದೆಯ 6(3) ಹೇಳುವುದು ಅದನ್ನೇ. ಕಚೇರಿ ಹುಡುಕುವ ಕೆಲಸ ನಿಮ್ಮ ತಲೆಯಿಂದ ಇಳಿದು ಅವರ ಮೇಜಿಗೆ ಹೋಗುತ್ತದೆ.

ಮೆಂಬರಿಗೆ ಹೇಳಿದ್ದೇನೆ, ಅವರು ಮಾಡಿಸ್ತೇನೆ ಅಂದಿದ್ದಾರೆ. ಸಾಕಲ್ವಾ?

ಸಾಲದು. ಮೆಂಬರ್ ಒಳ್ಳೆಯವರೇ ಇರಬಹುದು, ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಮಾತು ಕಚೇರಿಯ ಕಡತದಲ್ಲಿ ಎಲ್ಲೂ ಇಲ್ಲ. ನಾಳೆ ಪಿಡಿಒ ವರ್ಗವಾಗಿ ಹೋದರೆ ಹೊಸಬರಿಗೆ ನಿಮ್ಮ ದೂರು ಇದ್ದದ್ದೇ ಗೊತ್ತಿರುವುದಿಲ್ಲ. ಮೆಂಬರಿಗೆ ಹೇಳಿ, ಬೇಡ ಅನ್ನುವುದಿಲ್ಲ. ಜೊತೆಗೆ ಒಂದು ಪುಟದ ಅರ್ಜಿಯನ್ನೂ ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ.

ಸೀಲು ಹಾಕಿ ಕೊಡಲ್ಲ ಅಂದರೆ?

"ಇಟ್ಟು ಹೋಗಿ, ಸಾಹೇಬ್ರಿಗೆ ಕೊಡ್ತೇನೆ" ಅನ್ನುವುದು ಎಲ್ಲಾ ಕಡೆ ಇದೆ. ಜಗಳ ಬೇಡ. ನೇರ ಅಂಚೆ ಕಚೇರಿಗೆ ಹೋಗಿ ರಸೀದಿ ಸಿಗುವ ಅಂಚೆಯಲ್ಲಿ ಅದೇ ಅರ್ಜಿ ಕಳಿಸಿ, ರಸೀದಿ ಜೋಪಾನವಾಗಿಡಿ. ಇನ್ನೊಂದು ದಾರಿ ಜನಸ್ಪಂದನ. 1902ಕ್ಕೆ ಫೋನ್ ಮಾಡಿ ದೂರು ಹೇಳಿದರೆ ನೋಂದಣಿ ಸಂಖ್ಯೆ ಸಿಗುತ್ತದೆ. ಅದರಲ್ಲಿ ಒಂದು ತೊಂದರೆ ಇದೆ. ಎಷ್ಟೋ ದೂರುಗಳನ್ನು "ಸಂಬಂಧಪಟ್ಟವರಿಗೆ ಕಳಿಸಲಾಗಿದೆ" ಎಂದು ಬರೆದು ಮುಕ್ತಾಯ ಮಾಡಿಬಿಡುತ್ತಾರೆ. ಹಾಗೆ ಮುಚ್ಚಿದರೆ ಒಪ್ಪಬೇಡಿ. ಕೆಲಸ ಆಗಿಲ್ಲ ಅಂತ ಫೋಟೋ ಸಮೇತ ಮತ್ತೆ ಬರೆಯಿರಿ.

ಅರ್ಜಿಯ ಕೊನೆಗೆ ಯಾವಾಗಲೂ ಒಂದು ಸಾಲು ಸೇರಿಸಿ: "ಈ ಅರ್ಜಿಗೆ ಹಿಂಬರಹ ನೀಡಬೇಕು." ಹಿಂಬರಹ ಅಂದರೆ ಕಚೇರಿಯ ಲಿಖಿತ ಉತ್ತರ. ಅದನ್ನು ಕೊಟ್ಟರೆ ಕೆಲಸ ಆಗತ್ತೋ ಇಲ್ಲವೋ, ಯಾಕೆ ಆಗಲ್ಲ ಎಂಬುದು ಬರಹದಲ್ಲಿ ಸಿಗುತ್ತದೆ. ಮೇಲ್ಮನವಿಗೆ ಅದೇ ಆಧಾರ.

ಗ್ರಾಮಸಭೆಗೆ ಹೋಗಿ ಏನು ಪ್ರಯೋಜನ? ಗಲಾಟೆ ಬಿಟ್ಟರೆ ಏನೂ ಇಲ್ಲ.

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು. ಯಾಕೆಂದರೆ ನಮ್ಮ ಕೈಯಲ್ಲಿರುವ ದೊಡ್ಡ ಅಧಿಕಾರ ಇದೇ, ಕೈಬಿಟ್ಟಿರುವುದೂ ಇದನ್ನೇ.

ಗ್ರಾಮಸಭೆ 6 ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಮನೆ ಯಾರಿಗೆ ಸಿಗಬೇಕು, ಯಾವ ಕಾಮಗಾರಿ ಕ್ರಿಯಾ ಯೋಜನೆಗೆ ಸೇರಬೇಕು ಎಂಬುದು ಅಲ್ಲಿಂದ ಬರಬೇಕು.

ನಡೆಯುವುದು ಹೇಗೆ? ನಮ್ಮ ಕಡೆ ಒಂದು ಸಭೆ ಹೀಗಿತ್ತು. ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿದ್ದರು. ಬಾಗಿಲಲ್ಲೇ ಹಾಜರಿ ಪುಸ್ತಕ. ಬಂದವರೆಲ್ಲ ಸಹಿ ಹಾಕಿ ಒಳಗೆ ಹೋದರು. ಅರಣ್ಯ ಇಲಾಖೆಯವರು, ಹೆಸ್ಕಾಂನವರು, ಕೃಷಿ ಇಲಾಖೆಯವರು ಒಬ್ಬೊಬ್ಬರಾಗಿ ಯೋಜನೆಗಳ ಪಟ್ಟಿ ಓದಿದರು. ಅಷ್ಟೊತ್ತಿಗೆ ಊಟದ ಹೊತ್ತು. ಮಹಿಳೆಯರು ಒಬ್ಬೊಬ್ಬರೇ ಎದ್ದು ಹೋದರು. ನೀರಿನ ವಿಷಯ ಬಂದಾಗ ಜೋರು ಮಾತಾಯಿತು, ಎರಡು ಕಡೆಯವರೂ ಎದ್ದು ನಿಂತರು, "ಸರಿ, ನೋಟ್ ಮಾಡ್ಕೊಂಡಿದ್ದೇವೆ" ಅಂತ ಸಭೆ ಮುಗಿಯಿತು. ಆಮೇಲೆ ನಡಾವಳಿಯ ಪ್ರತಿ ಕೇಳಿ ತೆಗೆದುಕೊಂಡಾಗ ಅದರಲ್ಲಿ ನೀರಿನ ಬಗ್ಗೆ ಇದ್ದದ್ದು ಒಂದೇ ಸಾಲು: "ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು." ಯಾರು ಏನು ಮಾಡಬೇಕು, ಯಾವಾಗ ಮಾಡಬೇಕು, ಏನೂ ಇಲ್ಲ. ಅದರ ಕೆಳಗೆ ನಮ್ಮೆಲ್ಲರ ಸಹಿ ಇತ್ತು. ಬಾಗಿಲಲ್ಲಿ ಹಾಕಿದ ಸಹಿ ಅದು.

ಅದಾದ ಮೇಲೆ ನಮ್ಮ ವಾರ್ಡಿನವರು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಸಭೆ ಶುರುವಾಗುವಾಗಲೇ ಹಿಂದಿನ ಸಭೆಯ ನಡಾವಳಿ ಓದಿ ಅಂತ ಕೇಳುತ್ತೇವೆ. ಯಾವ ಠರಾವಿನ ಕೆಲಸ ಆಯಿತು, ಯಾವುದು ಆಗಿಲ್ಲ, ಒಂದೊಂದಾಗಿ ಹೇಳಬೇಕು. ನಮ್ಮ ಬೇಡಿಕೆಯನ್ನು ಬರೆದುಕೊಂಡೇ ಹೋಗುತ್ತೇವೆ. ಕೆಲಸದ ಹೆಸರು, ಜಾಗ, ಯಾರು ಮಾಡಬೇಕು, ಎಷ್ಟು ದಿನದೊಳಗೆ ಅಂತ ಅದರಲ್ಲಿರುತ್ತದೆ. ಆ ಕಾಗದವನ್ನು ನೋಡಲ್ ಅಧಿಕಾರಿಯ ಕೈಗೆ ಕೊಟ್ಟು, ಸಭೆ ಮುಗಿಯುವ ಮುಂಚೆ ಠರಾವನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳಲು ಒತ್ತಾಯಿಸುತ್ತೇವೆ. ಓದುವವರೆಗೆ ಯಾರೂ ಏಳುವುದಿಲ್ಲ. ಇಷ್ಟೇ. ಕೂಗಾಟ ಕಡಿಮೆಯಾಗಿದೆ. ಠರಾವಿನಲ್ಲಿ ಹೆಸರು, ದಿನಾಂಕ ಬರತೊಡಗಿದೆ. ಎಲ್ಲಾ ಕೆಲಸ ಆಗಿದೆ ಅಂತ ನಾನು ಹೇಳುವುದಿಲ್ಲ. ಆಗದ ಕೆಲಸಕ್ಕೆ ಯಾರನ್ನು ಕೇಳಬೇಕು ಅಂತಂತೂ ಗೊತ್ತಿದೆ.

ಕೋರಂ, ಅಂದರೆ ಇರಲೇಬೇಕಾದ ಕನಿಷ್ಠ ಹಾಜರಿ, ಇಲ್ಲದೆ ಸಭೆ ನಡೆಸಿದರೆ ಅಲ್ಲೇ ಆಕ್ಷೇಪಣೆ ಬರೆದು ಕೊಡಿ. ಸಭೆ ನಡೆಸದೇ ನಡೆಸಿದಂತೆ ದಾಖಲೆ ಮಾಡಿದ್ದು ಕಂಡರೆ ಇಒ ಮತ್ತು ಸಿಇಒ ಇಬ್ಬರಿಗೂ ಲಿಖಿತ ದೂರು ಕೊಡಿ. ಇದನ್ನು ಸಣ್ಣ ವಿಷಯ ಅಂತ ಬಿಡಬಾರದು.

ಜಮಾಬಂದಿ ಅಂತ ಒಂದು ಇದೆಯಂತೆ, ಏನದು?

ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಇಟ್ಟು ತೋರಿಸುವುದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯಬೇಕು. ಕಾಮಗಾರಿ ಕಡತಗಳನ್ನು ನೋಡಬಹುದು, ಕಾಮಗಾರಿ ಸ್ಥಳಕ್ಕೂ ಹೋಗಿ ನೋಡಬಹುದು. ನಮ್ಮ ಕರಾವಳಿಯಲ್ಲಿ ಆ ಸಮಯಕ್ಕೆ ಮಳೆ, ನಾಗರಪಂಚಮಿ, ಚೌತಿ ಗಡಿಬಿಡಿ ಎಲ್ಲ ಒಟ್ಟಿಗೇ ಬರುತ್ತವೆ. ಹಾಗಾಗಿ ಯಾರೂ ಹೋಗುವುದಿಲ್ಲ. ಆದರೆ ಹೊಸ ಕಾಂಕ್ರೀಟ್ ಗಟಾರ ಒಂದು ಮಳೆಗಾಲ ನೋಡಿದ ಮೇಲೆ ಹೇಗಿದೆ ಅಂತ ಪರೀಕ್ಷೆ ಮಾಡಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ದಿನಾಂಕ ಯಾವಾಗ ಅಂತ ಜುಲೈ ಕೊನೆಗೇ ಕೇಳಿ ಇಟ್ಟುಕೊಳ್ಳಿ.

ಹೊಸ ಗಟಾರ ಕಳಪೆಯಾಗಿದೆ. ಬಿಲ್ ಪಾಸಾಗಿದೆ ಅಂತಾರೆ. ಇನ್ನೇನು ಮಾಡೋಕಾಗತ್ತೆ?

ತುಂಬಾ ಮಾಡಬಹುದು. ನಮ್ಮಲ್ಲೇ ಆಗಿದ್ದನ್ನು ಹೇಳುತ್ತೇನೆ.

ನಮ್ಮ ಕೇರಿಗೆ ಕಾಂಕ್ರೀಟ್ ಗಟಾರ ಮಾಡಿದರು. ನೋಡೋಕೆ ಚೆನ್ನಾಗಿಯೇ ಇತ್ತು. ಮೊದಲ ಮಳೆಗೇ ಅಂಗಳಗಳಲ್ಲಿ ನೀರು ನಿಂತಿತು. ಗಟಾರದ ಅಂಚು ರಸ್ತೆಗಿಂತ ಎತ್ತರ, ನೀರು ಒಳಗೆ ಇಳಿಯಲು ದಾರಿಯೇ ಇಲ್ಲ. ಬಾಯಲ್ಲಿ ಕೇಳಿದ್ದಕ್ಕೆ "ಎಸ್ಟಿಮೇಟ್ ಪ್ರಕಾರವೇ ಮಾಡಿದ್ದು" ಎಂಬ ಉತ್ತರ ಬಂತು. ಹಾಗಿದ್ದರೆ ಎಸ್ಟಿಮೇಟ್ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಜೊತೆಗೆ ಎಂಬಿ ಪುಸ್ತಕದ ಪುಟಗಳನ್ನೂ ಕೇಳಿದೆವು.

ಎಂಬಿ ಅಂದರೆ ಅಳತೆ ಪುಸ್ತಕ. ಕೆಲಸ ಮುಗಿದ ಮೇಲೆ ಇಂಜಿನಿಯರ್ ಸ್ಥಳಕ್ಕೆ ಬಂದು ಉದ್ದ, ಅಗಲ, ದಪ್ಪ ಎಲ್ಲ ಅಳೆದು ಅದರಲ್ಲಿ ಬರೆದು ಸಹಿ ಹಾಕಬೇಕು. ಅದರ ಮೇಲೆಯೇ ಬಿಲ್ ಆಗುವುದು. ಎಲ್ಲರೂ ಬಿಲ್ ಕೇಳುತ್ತಾರೆ, ಎಂಬಿ ಕೇಳುವುದಿಲ್ಲ. ಸತ್ಯ ಇರುವುದು ಎಂಬಿಯಲ್ಲಿ.

ನಮ್ಮ ಎಂಬಿಯಲ್ಲಿ ಒಂದು ಸಾಲು ಹೀಗಿತ್ತು: ಗಟಾರದ ಎರಡೂ ಗೋಡೆಗಳಲ್ಲಿ ನೀರು ಇಳಿಯಲು ಪಿವಿಸಿ ಪೈಪಿನ ತೂತುಗಳನ್ನು ಅಳವಡಿಸಲಾಗಿದೆ. ಸ್ಥಳದಲ್ಲಿ ಒಂದು ತೂತೂ ಇರಲಿಲ್ಲ. ನಾವು ಟೇಪು ಹಿಡಿದು ಗಟಾರದ ಉದ್ದಕ್ಕೂ ನಡೆದು ಎರಡೂ ಗೋಡೆಗಳ ಫೋಟೋ ತೆಗೆದೆವು. ಎಂಬಿಯ ಪುಟ, ಫೋಟೋ ಎರಡನ್ನೂ ಅರ್ಜಿಗೆ ಲಗತ್ತಿಸಿ, ಕೇರಿಯ ಎಲ್ಲಾ ಮನೆಯವರ ಸಹಿ ಹಾಕಿಸಿ, ಇಂಜಿನಿಯರ್ ಕಚೇರಿಗೂ ಜಿಲ್ಲಾ ಪಂಚಾಯಿತಿಗೂ ಕಳಿಸಿದೆವು. ಯಾರ ಮೇಲೂ ಆರೋಪ ಬರೆಯಲಿಲ್ಲ. "ಪುಸ್ತಕದಲ್ಲಿ ಇದೆ, ಗೋಡೆಯಲ್ಲಿ ಇಲ್ಲ, ದಯವಿಟ್ಟು ಬಂದು ನೋಡಿ" ಅಷ್ಟೇ.

ಇಂಜಿನಿಯರ್ ಬಂದರು, ನೋಡಿದರು. ಗುತ್ತಿಗೆದಾರರ ಕಡೆಯವರು ಮಷೀನ್ ತಂದು ತೂತು ಕೊರೆದು ಪೈಪ್ ಹಾಕಿದರು. ಗಟಾರದ ಎತ್ತರ ಹಾಗೆಯೇ ಉಳಿಯಿತು, ಅದನ್ನು ಒಡೆದು ಮಾಡಲು ಆಗುವುದಿಲ್ಲ ಅಂದರು. ಈಗ ಮಳೆನೀರು ಪೂರ್ತಿ ಅಲ್ಲದಿದ್ದರೂ ಹೆಚ್ಚಿನದು ಇಳಿದು ಹೋಗುತ್ತದೆ.

ಎರಡು ವಿಷಯ ಗೊತ್ತಿರಲಿ. ಕಾಮಗಾರಿಗೆ ದೋಷ ಹೊಣೆ ಅವಧಿ ಅಂತ ಇರುತ್ತದೆ. ಅದರೊಳಗೆ ಬಿರುಕು, ಕುಸಿತ ಬಂದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು. ಅವರ ಭದ್ರತಾ ಠೇವಣಿ ಕಚೇರಿಯಲ್ಲಿ ಇರುವಷ್ಟರಲ್ಲಿ ದೂರು ಹೋಗಬೇಕು. ಇನ್ನೊಂದು, ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಪ್ರಕಾರ ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕೂ ಇದೆ. ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಕೇಳಿ ಪಡೆಯಬಹುದು. ಸಿಮೆಂಟ್ ಕಡಿಮೆ ಹಾಕಿದ್ದಾರೆ ಎಂಬ ಅನುಮಾನ ಇದ್ದರೆ ಇದನ್ನು ಬಳಸಿ.

ಮಾಹಿತಿ ಹಕ್ಕು ಅರ್ಜಿಗೆ ಎಷ್ಟು ಖರ್ಚು? ಎಷ್ಟು ದಿನ?

10 ರೂಪಾಯಿ. ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಬೇಡ. ಪ್ರತಿಗಳಿಗೆ ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇದನ್ನೇ ನೆಪ ಮಾಡಿ ಅರ್ಜಿ ವಾಪಸ್ ಕಳಿಸುತ್ತಾರೆ, ಹುಷಾರಾಗಿರಿ. ಗಟಾರಕ್ಕೆ ಒಂದು ಅರ್ಜಿ, ನೀರಿಗೆ ಇನ್ನೊಂದು.

30 ದಿನದೊಳಗೆ ಉತ್ತರ ಕೊಡಬೇಕು. ಅವಧಿ ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಫಲಾನುಭವಿಗಳ ಹೆಸರು, ವಿಳಾಸ ಕೇಳಿದರೆ ವೈಯಕ್ತಿಕ ಮಾಹಿತಿ ಅಂತ ನಿರಾಕರಿಸುವುದು ಈಗ ಜಾಸ್ತಿಯಾಗಿದೆ. ಕಾಮಗಾರಿಯ ಕಡತ ಕೇಳಿ, ಅದಕ್ಕೆ ಆ ನೆಪ ಹೇಳಲು ಬರುವುದಿಲ್ಲ.

ಆ 30 ದಿನ ಕಳೆದರೂ ಏನೂ ಬರಲಿಲ್ಲ.

ಬಹಳಷ್ಟು ಜನ ಕೈಬಿಡುವುದು ಈ ಹಂತದಲ್ಲೇ. ಕಚೇರಿಯವರಿಗೂ ಅದು ಗೊತ್ತು. ದಯವಿಟ್ಟು ಬಿಡಬೇಡಿ. ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಗ್ರಾಮ ಪಂಚಾಯಿತಿಯ ವಿಷಯವಾದರೆ ಸಾಮಾನ್ಯವಾಗಿ ಇಒ ಮುಂದೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಉತ್ತರ ಬರುವುದೇ ಮೇಲ್ಮನವಿ ಹಾಕಿದ ಮೇಲೆ. ಅದಕ್ಕೂ ಜಗ್ಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ಅಧಿಕಾರಿಗೆ ದಂಡ ಹಾಕಬಹುದು, ಅದು ಅವರ ಸ್ವಂತ ಜೇಬಿನಿಂದ ಹೋಗಬೇಕು. ಆಯೋಗದಲ್ಲಿ ಕಾಯುವುದು ತುಂಬಾ ಉದ್ದ, ಅದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸುವುದಿಲ್ಲ.

ಅಂಗಳದಲ್ಲಿ ನಲ್ಲಿ ಹಾಕಿ ಹೋಗಿದ್ದಾರೆ. ನೀರು ಬಂದಿಲ್ಲ. ಯಾರ ಹೊಣೆ?

ಹಳ್ಳಿಯ ಪ್ರತಿ ಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ 2019ರಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ "ಮನೆ ಮನೆಗೆ ಗಂಗೆ" ಅಂತ ಹೆಸರಿಟ್ಟರು. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಲೆಕ್ಕ. ಪೈಪ್ ಹಾಕಿಸಿದ್ದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ. ಮುಗಿದ ಮೇಲೆ ಪಂಚಾಯಿತಿಗೆ ಹಸ್ತಾಂತರ ಮಾಡಬೇಕು. ಜಗಳ ಇರುವುದು ಈ ಹಸ್ತಾಂತರದಲ್ಲಿ. ಇಲಾಖೆ "ನಾವು ಮುಗಿಸಿದ್ದೇವೆ" ಅನ್ನುತ್ತದೆ, ಪಂಚಾಯಿತಿ "ನಾವು ತಗೊಂಡಿಲ್ಲ" ಅನ್ನುತ್ತದೆ. ನಡುವೆ ನಲ್ಲಿ ಒಣಗಿರುತ್ತದೆ.

ಕೇಳಬೇಕಾದ್ದು ಮೂರು. ಹಸ್ತಾಂತರ ಪತ್ರ ಇದೆಯೇ, ಇದ್ದರೆ ಯಾವ ದಿನದ್ದು? ನೀರಿನ ಮೂಲ ಯಾವುದು, ಅದರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರು ಇರುತ್ತದೆಯೇ? ಎಲ್ಲಾ ಮನೆಗೆ ನೀರು ಬರುತ್ತಿದೆ ಎಂದು ಗ್ರಾಮಸಭೆಯಲ್ಲಿ ಠರಾವು ಆಗಿದೆಯೇ? ಮೂರನೆಯದನ್ನು ಮರೆಯಬೇಡಿ. ನೀರೇ ಬರದ ಊರಿನಲ್ಲಿ "ಹರ್ ಘರ್ ಜಲ್" ಗ್ರಾಮ ಅಂತ ಘೋಷಣೆಯಾಗುವುದನ್ನು ತಡೆಯಲು ಇರುವ ಜಾಗ ಅದೊಂದೇ.

ಕರಾವಳಿಯಲ್ಲಿ ಇನ್ನೊಂದು ಕಷ್ಟ ಇದೆ. ಮಳೆ ಸುರಿಯುವಷ್ಟು ಸುರಿದು ಹೋಗುತ್ತದೆ, ಬೇಸಿಗೆಗೆ ನದಿ ಮುಖದ ಹಳ್ಳಿಗಳ ಬಾವಿಗೆ ಉಪ್ಪು ನೀರು ನುಗ್ಗುತ್ತದೆ. ಅಂಥ ಬಾವಿಯನ್ನೇ ಮೂಲ ಅಂತ ತೋರಿಸಿದ್ದರೆ ಯೋಜನೆ ಕಾಗದದಲ್ಲೇ ತಪ್ಪು. ನೀರಿನ ಪರೀಕ್ಷಾ ವರದಿ ಕೇಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನೀರು ಬಿಡುವ ವಾಟರ್‌ಮನ್ ಮೇಲೆ ಹರಿಹಾಯಬೇಡಿ. ಬೆಳಗ್ಗೆ ಐದಕ್ಕೆ ಎದ್ದು ವಾಲ್ವ್ ತಿರುಗಿಸುವವರು ಅವರು. ಅವರ ಸಂಬಳವೇ ಎಷ್ಟೋ ಕಡೆ ತಿಂಗಳುಗಟ್ಟಲೆ ಬಾಕಿ ಇರುತ್ತದೆ. ಯೋಜನೆ ಮಾಡಿದವರು ಅವರಲ್ಲ.

ಹೆದ್ದಾರಿ ಸಮಸ್ಯೆಗೆ ಪಂಚಾಯಿತಿಯನ್ನು ಕೇಳಿದರೆ ಕೈ ಚೆಲ್ಲುತ್ತಾರೆ. ಸರಿಯಾ?

ಅರ್ಧ ಸರಿ. ಹೆದ್ದಾರಿ 66 ಕೇಂದ್ರದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಗುಡ್ಡ ಕಡಿಯಲು ಪಂಚಾಯಿತಿಯನ್ನು ಯಾರೂ ಕೇಳಿಲ್ಲ. ಆದರೆ ಜನ ಸತ್ತಾಗ ಮೊದಲು ಓಡಿ ಬರುವವರು ಊರಿನವರೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣು ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಹೋಯಿತು, ಚಹಾ ಅಂಗಡಿಯ ಕುಟುಂಬವನ್ನೇ ತೆಗೆದುಕೊಂಡಿತು. ಅದಾಗಿ ತಿಂಗಳೂ ತುಂಬಿರಲಿಲ್ಲ, ಆಗಸ್ಟ್ 7ರ ನಸುಕಿಗೂ ಮುಂಚೆ ಕೋಡಿಬಾಗ ಮತ್ತು ಸದಾಶಿವಗಡ ನಡುವಿನ ಹಳೆಯ ಕಾಳಿ ಸೇತುವೆ ಕುಸಿದು ಲಾರಿ ನದಿಗೆ ಬಿತ್ತು. ಚಾಲಕ ಬದುಕಿದ್ದು ನಮ್ಮ ಪುಣ್ಯ.

ಇಂಥ ಕಡೆ ಕೇಳಬೇಕಾದ ಜಾಗ ಜಿಲ್ಲಾಧಿಕಾರಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಯಾವುದೇ ಇಲಾಖೆಗೆ ಸೂಚನೆ ಕೊಡುವ ಅಧಿಕಾರ ಅವರಿಗಿದೆ. ಪಂಚಾಯಿತಿ ಮಾಡಬಹುದಾದ್ದು ಒಂದಿದೆ, ಮಾಡಲೇಬೇಕು. ಊರಿನ ಮೇಲೆ ಬಾಯ್ದೆರೆದ ಗುಡ್ಡ, ಮುಚ್ಚಿಹೋದ ಮೋರಿ, ದೀಪವಿಲ್ಲದ ತಿರುವು ಇವನ್ನು ಮಳೆಗಾಲಕ್ಕೆ ಮುಂಚೆ ಠರಾವು ಮಾಡಿ ಜಿಲ್ಲಾಧಿಕಾರಿಗೂ ಹೆದ್ದಾರಿ ಪ್ರಾಧಿಕಾರಕ್ಕೂ ಕಳಿಸಬೇಕು. ಮೊದಲೇ ಎಚ್ಚರಿಸಿದ್ದರು ಎಂಬ ದಾಖಲೆ ಇದ್ದರೆ, ನಾಳೆ "ನಮಗೆ ಗೊತ್ತಿರಲಿಲ್ಲ" ಅನ್ನುವ ಮಾತಿಗೆ ಜಾಗ ಇರುವುದಿಲ್ಲ.

"ದುಡ್ಡಿಲ್ಲ, ಅನುದಾನ ಬಂದ ಮೇಲೆ ನೋಡುವಾ" ಅಂದರೆ ಏನು ಹೇಳೋದು?

ಮಧ್ಯಪ್ರದೇಶದ ರತ್ಲಾಂ ಊರಿನವರು ತೆರೆದ ಚರಂಡಿ, ಹೊಲಸು ನೀರಿನ ವಿರುದ್ಧ ಮ್ಯಾಜಿಸ್ಟ್ರೇಟ್ ಬಳಿ ಹೋಗಿದ್ದರು. ಪುರಸಭೆ ಹಣ ಇಲ್ಲ ಅಂತ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1980ರಲ್ಲಿ ಕೋರ್ಟ್ ಹೇಳಿತು: ಹಣ ಇಲ್ಲ ಎಂಬುದು ಕಡ್ಡಾಯ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಕಾರಣವಾಗದು. ಆಗ ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಸಾರ್ವಜನಿಕ ಉಪದ್ರವದ 133ನೇ ಪ್ರಕರಣ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣ. ಉಪವಿಭಾಗಾಧಿಕಾರಿಗಳಿಗೆ (ಎಸಿ) ಅದರಡಿ ಅರ್ಜಿ ಕೊಡಬಹುದು. ಮನೆ ಬಾಗಿಲಲ್ಲಿ ಶೌಚದ ನೀರು ಹರಿಯುತ್ತಿದ್ದರೆ, ಬಾವಿ ಹಾಳಾಗುತ್ತಿದ್ದರೆ ಈ ದಾರಿ ಹಿಡಿಯಿರಿ. ಎಸಿ ಕಚೇರಿಗಳು ಕಾರವಾರ, ಕುಮಟಾ, ಭಟ್ಕಳ, ಶಿರಸಿಯಲ್ಲಿವೆ. ನಮ್ಮವರು ಇದನ್ನು ಬಳಸುವುದೇ ಇಲ್ಲ ಎಂಬುದು ನನಗೆ ದೊಡ್ಡ ಬೇಸರ.

ನಾವು ಆರಿಸಿ ಕಳಿಸಿದವರು ಎಲ್ಲಿ? ಜಿಲ್ಲಾ ಪಂಚಾಯಿತಿ ಸದಸ್ಯರನ್ನು ನೋಡಿ ಯಾವ ಕಾಲವಾಯಿತು!

ರಾಜ್ಯದಲ್ಲಿ ಜಿಲ್ಲಾ, ತಾಲೂಕು ಪಂಚಾಯಿತಿ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವಧಿ 2021ಕ್ಕೆ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟ್ ಅಂತ ವರ್ಷಗಳೇ ಹೋದವು. ಸಂವಿಧಾನ ಐದು ವರ್ಷಕ್ಕೊಮ್ಮೆ ಚುನಾವಣೆ ಅಂತ ಹೇಳುತ್ತದೆ. ಪಟ್ಟಣಗಳಲ್ಲೂ ಹೀಗೇ ಆಯಿತು. ಕಾರವಾರ, ಶಿರಸಿ ನಗರಸಭೆಗಳಿಗೆ 2018ರ ಆಗಸ್ಟ್ ಕೊನೆಗೆ ಮತ ಹಾಕಿದೆವು. ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿಗೆ ಹೋಗಿ, 2020ರ ಕೊನೆಯವರೆಗೆ ಅಧ್ಯಕ್ಷರೇ ಇರಲಿಲ್ಲ. ಗೆದ್ದ ಸದಸ್ಯರು ಮನೆಯಲ್ಲಿ ಕೂತಿದ್ದರು, ಅಧಿಕಾರಿಗಳ ಆಡಳಿತ ನಡೆಯಿತು.

ಇದು ನನಗೆ ತೀರಾ ನೋವಿನ ವಿಷಯ. ಹಳ್ಳಿಯ ಹೆಂಗಸೊಬ್ಬಳು ನೀರಿಗಾಗಿ ಸಿಇಒ ಹತ್ತಿರ ನೇರ ಹೋಗಲಾರಳು. ಜಿಲ್ಲಾ ಪಂಚಾಯಿತಿ ಸದಸ್ಯರ ಮನೆಗೆ ಹೋಗಬಲ್ಲಳು. ಆ ಬಾಗಿಲನ್ನೇ ಮುಚ್ಚಿಟ್ಟರು.

ಖಾತೆ, ಫಾರಂ 9-11, ಜನನ ಪ್ರಮಾಣಪತ್ರಕ್ಕೆ ಸತಾಯಿಸುತ್ತಿದ್ದಾರೆ.

ಇಂತಿಷ್ಟು ದಿನದೊಳಗೆ ಸೇವೆ ಕೊಡಲೇಬೇಕು ಎನ್ನುವ ಸಕಾಲ ಕಾಯ್ದೆ ಬಳಸಿ. ಅರ್ಜಿ ಕೊಡುವಾಗ ಸಕಾಲ ಸಂಖ್ಯೆ ಇರುವ ರಸೀದಿ ಕೇಳಿ ಪಡೆಯಿರಿ. ಅದು ಇಲ್ಲದೆ ಅರ್ಜಿ ಕೊಡಲೇಬೇಡಿ. ಅವಧಿ ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ.

ದುಡ್ಡು ಕೇಳಿದರೆ? ಲೋಕಾಯುಕ್ತಕ್ಕೆ ಹೋದರೆ ಏನಾದರೂ ಆಗತ್ತಾ?

ಕೊಡುವ ಮೊದಲು ಹೋಗಿ. ಲೋಕಾಯುಕ್ತ ಪೊಲೀಸರು ಟ್ರ್ಯಾಪ್ ಮಾಡುತ್ತಾರೆ, ಅಂದರೆ ಲಂಚ ತೆಗೆದುಕೊಳ್ಳುವಾಗಲೇ ಹಿಡಿಯುತ್ತಾರೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ತಪ್ಪಿತಸ್ಥರೇ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು. ಕಾಮಗಾರಿಯ ಅವ್ಯವಹಾರಕ್ಕೆ ಅಫಿಡವಿಟ್ ಸಹಿತ ನಮೂನೆಯಲ್ಲಿ ದೂರು ಕೊಡಬೇಕು. ಸುಳ್ಳು ದೂರಿಗೆ ಶಿಕ್ಷೆ ಇದೆ, ಹಾಗಾಗಿ ಎಂಬಿ, ಬಿಲ್, ಫೋಟೋ ಕೈಗೆ ಬಂದ ಮೇಲೆಯೇ ಹೋಗಿ.

ಆಗತ್ತಾ ಅಂತ ಕೇಳಿದರೆ, ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿ ಮಾಡಿಟ್ಟ ಅದಿರು ಮಾಯವಾಯಿತು. ಅದನ್ನು ಹೊರಗೆಳೆದದ್ದು ಲೋಕಾಯುಕ್ತ. ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಷ್ಟು ನಿಧಾನ. ಆದರೂ ದಾಖಲೆ ಇದ್ದದ್ದಕ್ಕೇ ಅದು ಅಲ್ಲಿಯವರೆಗೆ ಹೋಯಿತು.

ಗುತ್ತಿಗೆದಾರ ನಮ್ಮ ಕೇರಿಯವನೇ. ದೂರು ಕೊಟ್ಟರೆ ಮನಸ್ತಾಪ ಆಗಲ್ವಾ?

ಆಗತ್ತೆ. ಬಂಡಿಹಬ್ಬಕ್ಕೆ ಒಟ್ಟಿಗೇ ಸೇರುವವರು, ಮದುವೆ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುವವರು. ಪೇಟೆಯವರಿಗೆ ಇದು ಅರ್ಥವಾಗುವುದಿಲ್ಲ. ಒಬ್ಬರೇ ಹೋಗಬೇಡಿ, ಹತ್ತು ಮನೆಯವರ ಸಹಿ ಇರಲಿ. ಸ್ವಸಹಾಯ ಸಂಘದ ಹೆಂಗಸರು ಮುಂದೆ ನಿಂತರೆ ಮಾತಿಗೆ ತೂಕ ಜಾಸ್ತಿ. ಅರ್ಜಿಯಲ್ಲಿ ವ್ಯಕ್ತಿಯ ಹೆಸರು ಬೇಡ, ಕಾಮಗಾರಿಯ ಹೆಸರು ಸಾಕು. ಸಾಧ್ಯವಾದರೆ ಕೆಲಸ ನಡೆಯುವಾಗಲೇ ಹೋಗಿ ನೋಡಿ, ಕೇಳಿ. ಕಾಂಕ್ರೀಟ್ ಒಣಗುವ ಮೊದಲು ಆಡಿದ ಮಾತು ಜಗಳವಾಗುವುದಿಲ್ಲ. ಯಾರಾದರೂ ಬೆದರಿಸಿದರೆ ಮಾತ್ರ ತಡಮಾಡದೆ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಶಿರಸಿ, ಸಿದ್ದಾಪುರದಿಂದ ಕಾರವಾರಕ್ಕೆ ಪ್ರತಿ ಸಲ ಬರೋದು ಹೇಗೆ?

ಬರಬೇಕಿಲ್ಲ, ಬರಿಸಬಾರದು ಕೂಡ. ಶಿರಸಿಯಿಂದಲೇ ನೂರು ಕಿಲೋಮೀಟರಿಗಿಂತ ಜಾಸ್ತಿ, ದೇವಿಮನೆ ಘಟ್ಟದ ರಸ್ತೆ ಬಂದ್ ಇದ್ದಾಗ ಇನ್ನೂ ಸುತ್ತು. ಮೇಲ್ಮನವಿಯನ್ನು ಅಂಚೆಯಲ್ಲಿ ಕಳಿಸಿ. ತಾಲೂಕಿನಲ್ಲಿ ಜಿಲ್ಲಾಧಿಕಾರಿಗಳ ಜನಸ್ಪಂದನ ಸಭೆ ಇದ್ದಾಗ ಹಳೆಯ ಅರ್ಜಿಯ ಸೀಲು ಹಾಕಿದ ಪ್ರತಿಯನ್ನೇ ಹಿಡಿದು ಹೋಗಿ. ಹೊಸ ಅರ್ಜಿ ಬರೆದರೆ ಹೊಸ ದಿನಾಂಕ ಬೀಳುತ್ತದೆ, ಹಳೆಯ ವಿಳಂಬ ಮರೆತು ಹೋಗುತ್ತದೆ.

ಒಂದು ಕಾಮಗಾರಿಗೆ ಏನೇನು ಕೇಳಬೇಕು? ಒಂದು ಮಾದರಿ ಕೊಡಿ.

ಮೇಲೆ ಕಾಮಗಾರಿಯ ಹೆಸರು, ವಾರ್ಡ್, ವರ್ಷ ಬರೆಯಿರಿ. ಕೆಳಗೆ ಹೀಗೆ: "ಸದರಿ ಕಾಮಗಾರಿಯ (1) ಕ್ರಿಯಾ ಯೋಜನೆಗೆ ಅನುಮೋದನೆ ನೀಡಿದ ಸಭೆಯ ನಡಾವಳಿ, (2) ಅಂದಾಜು ಪಟ್ಟಿ, (3) ಕಾರ್ಯಾದೇಶ, (4) ಅಳತೆ ಪುಸ್ತಕದ ಸಂಬಂಧಿತ ಪುಟಗಳು, (5) ಬಿಲ್ ಮತ್ತು ಪಾವತಿ ಓಚರ್, (6) ದೋಷ ಹೊಣೆ ಅವಧಿ ಮುಗಿಯುವ ದಿನಾಂಕ ಇರುವ ದಾಖಲೆ, ಇವುಗಳ ದೃಢೀಕೃತ ಪ್ರತಿ ನೀಡಬೇಕು. ಕಾಮಗಾರಿ ಸ್ಥಳ ಪರಿಶೀಲನೆಗೆ ದಿನಾಂಕ ತಿಳಿಸಬೇಕು." 150 ಪದದೊಳಗೆ ಆರಾಮಾಗಿ ಮುಗಿಯುತ್ತದೆ.

"ಯಾಕೆ ಕಳಪೆ ಮಾಡಿದ್ದೀರಿ?" ಅಂತ ಪ್ರಶ್ನೆ ಬರೆಯಬೇಡಿ. ಪ್ರಶ್ನೆಗೆ ಉತ್ತರ ಕೊಡಬೇಕೆಂದಿಲ್ಲ, ದಾಖಲೆ ಕೇಳಿದರೆ ಕೊಡಲೇಬೇಕು. ಹೆಸರು, ವಿಳಾಸ, ಸಹಿ ಹಾಕಿ. ಮಾಹಿತಿ ಯಾಕೆ ಬೇಕು ಅಂತ ಕಾರಣ ಬರೆಯಬೇಕಿಲ್ಲ. ಕೌಂಟರಿನಲ್ಲಿ ಯಾರಾದರೂ ಕೇಳಿದರೆ ಕಾಯ್ದೆಯ 6(2) ತೋರಿಸಿ.